ಕೋರ್ಸ್ ಶುರು ಮಾಡುವ ಮೊದಲು: ಕೌಶಲದ ಬೇಡಿಕೆ ಅಳೆಯುವುದು ಹೇಗೆ?

ಕೆಲಸವಿಲ್ಲದ ಯುವಕ ಯುವತಿಯರಿಗೆ ಯಾವ ತರಬೇತಿ ಕೊಡಬೇಕು? ಪರೀಕ್ಷೆಯಲ್ಲಿ ಇದಕ್ಕೆ ಉತ್ತರ ಬರೆಯುವುದು ಸುಲಭ: 'ಮಾರುಕಟ್ಟೆಗೆ ಬೇಕಾದದ್ದು'. ವಾಸ್ತವದಲ್ಲಿ ತರಬೇತಿ ಕೇಂದ್ರದಲ್ಲಿ ಯಾವ ಮಷಿನ್ ಇದೆ, ಯಾವ ಮೇಷ್ಟ್ರು ಸಿಗುತ್ತಾರೆ ಎಂಬುದೇ ಕೋರ್ಸನ್ನು ತೀರ್ಮಾನಿಸುತ್ತದೆ. ಹಾಗಾಗಿಯೇ ಎಲ್ಲಿ ನೋಡಿದರೂ ಹೊಲಿಗೆ, ಡೇಟಾ ಎಂಟ್ರಿ, ಬ್ಯೂಟಿಷಿಯನ್ ಬ್ಯಾಚ್‌ಗಳು.

ಬೇಡಿಕೆ ಅಳೆಯುವುದು ಎಂದರೆ ಖಾಲಿ ಹುದ್ದೆ ಎಣಿಸುವುದಲ್ಲ. ಆ ಹುದ್ದೆ ಯಾಕೆ ಖಾಲಿ ಇದೆ ಎಂದು ಕಂಡುಕೊಳ್ಳುವುದು. ಈ ಟಿಪ್ಪಣಿಯಲ್ಲಿ ಇದೊಂದನ್ನೇ ಗಟ್ಟಿ ಮಾಡಿಕೊಳ್ಳೋಣ.

ಬೆಳಗಾವಿಯ ಉದ್ಯಮಬಾಗ್ ಕೈಗಾರಿಕಾ ಪ್ರದೇಶ ತೆಗೆದುಕೊಳ್ಳಿ. ಲೋಹ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಗಳು, ಅವುಗಳ ಜೊತೆಗೆ ಲೋಹವನ್ನು ಕೊರೆದು ಅಳತೆಗೆ ತರುವ ಮಷಿನಿಂಗ್ ಶಾಪ್‌ಗಳು. ಇಂಥ ಕಡೆ ಮಾಲೀಕರನ್ನು ಕೇಳಿದರೆ ಬರುವ ಮೊದಲ ಮಾತು 'ಜನ ಸಿಗಲ್ಲ'. ಈ ಒಂದು ದೂರಿನೊಳಗೆ ಬೇರೆ ಬೇರೆ ಕಾಯಿಲೆಗಳು ಇರಬಹುದು.

ಒಂದು, ನಿಜವಾದ ಕೌಶಲದ ಕೊರತೆ. ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಿಯಂತ್ರಿತ ಮಷಿನ್‌ಗೆ ಪೀಸ್ ಹಾಕಿ ಬಟನ್ ಒತ್ತುವ ಆಪರೇಟರ್ ಬೇಗ ತಯಾರಾಗುತ್ತಾನೆ. ಆದರೆ ಟೂಲ್ ಬದಲಿಸಿ, ಅದರ ಅಳತೆಯ ವ್ಯತ್ಯಾಸವನ್ನು ಮಷಿನ್‌ಗೆ ತುಂಬಿ (ಆಫ್‌ಸೆಟ್ ಕೊಟ್ಟು), ಮೊದಲ ಪೀಸನ್ನು ಅಳತೆಗೆ ತರುವ ಸೆಟ್ಟರ್ ಹಾಗಲ್ಲ. ಆ ಜಾಗ ಖಾಲಿಯಾದರೆ ಸುಲಭಕ್ಕೆ ತುಂಬುವುದಿಲ್ಲ. 'ಸಿಎನ್‌ಸಿಗೆ ಜನ ಬೇಕು' ಎಂದಷ್ಟೇ ಬರೆದುಕೊಂಡು ಬಂದರೆ ಈ ಎರಡೂ ಬೆರೆತುಹೋಗುತ್ತವೆ. ಆಮೇಲೆ ಬ್ಯಾಚ್ ತುಂಬಾ ಆಪರೇಟರ್‌ಗಳೇ ಹೊರಬರುತ್ತಾರೆ.

ಇನ್ನೊಂದು, ಕೂಲಿ ಮತ್ತು ಕೆಲಸದ ಸ್ಥಿತಿಯ ಸಮಸ್ಯೆ. ಎರಕ ಹೊಯ್ದ ಮೇಲೆ ಅಂಚಿನಲ್ಲಿ ಉಳಿದ ಲೋಹವನ್ನು ಗ್ರೈಂಡರ್‌ನಿಂದ ಉಜ್ಜಿ ತೆಗೆಯುವುದಕ್ಕೆ ಫೆಟ್ಲಿಂಗ್ ಎನ್ನುತ್ತಾರೆ. ದೂಳು, ಸದ್ದು, ಬಿಸಿ. ಇಲ್ಲಿ ಜನ ನಿಲ್ಲದಿದ್ದರೆ ಅವರಿಗೆ ಗ್ರೈಂಡರ್ ಹಿಡಿಯಲು ಬರುವುದಿಲ್ಲ ಎಂದಲ್ಲ. ಇದಕ್ಕೆ ಇನ್ನೊಂದು ಬ್ಯಾಚ್ ತರಬೇತಿ ಕೊಟ್ಟರೂ ಅವರೂ ಬಿಟ್ಟುಹೋಗುತ್ತಾರೆ. ಸರ್ಕಾರದ ದುಡ್ಡಿನಲ್ಲಿ ಮಾಲೀಕರ ಕೂಲಿ ಸಮಸ್ಯೆ ಮುಂದೂಡಿದಂತಾಯಿತು ಅಷ್ಟೇ! ಮಾಸ್ಕ್, ಎಕ್ಸಾಸ್ಟ್ ಫ್ಯಾನ್, ಸಂಬಳ ಇವುಗಳಿಂದ ಬಗೆಹರಿಯಬೇಕಾದ್ದನ್ನು ಕೋರ್ಸ್ ಬಗೆಹರಿಸುವುದಿಲ್ಲ.

ಮೂರನೆಯದು ಬರೀ ಸುದ್ದಿ ಮುಟ್ಟದಿರುವುದು. ಸಣ್ಣ ಘಟಕಗಳು ಗೇಟಿಗೆ 'ಬೇಕಾಗಿದ್ದಾರೆ' ಬೋರ್ಡ್ ತೂಗುಹಾಕುತ್ತವೆ, ಇಲ್ಲವೇ ಪರಿಚಯದವರಿಗೆ ಹೇಳುತ್ತವೆ. ಆನ್‌ಲೈನ್ ಜಾಹೀರಾತು ಎಣಿಸಿ ವರದಿ ಬರೆದರೆ ಇವು ಲೆಕ್ಕಕ್ಕೇ ಸಿಗುವುದಿಲ್ಲ.

ಹಾಗಾದರೆ ಮಾಲೀಕರನ್ನು ಏನು ಕೇಳಬೇಕು? 'ಯಾವ ಕೌಶಲ ಬೇಕು?' ಎಂದು ಕೇಳಿದರೆ 'ಶಿಸ್ತು, ಸಂವಹನ' ಎಂಬ ಸಿದ್ಧ ಉತ್ತರ ಬರುತ್ತದೆ. ಅದರ ಬದಲು ಕಳೆದ ಸಲ ಬಿಟ್ಟುಹೋದವರು ಯಾವ ಕೆಲಸದವರು, ಆ ಜಾಗ ಎಷ್ಟು ದಿನ ಖಾಲಿ ಇತ್ತು, ಎಷ್ಟು ಸಂಬಳ ಹೇಳಿದ್ದಿರಿ, ಹೊಸಬರಿಗೆ ಮೊದಲ ತಿಂಗಳು ಏನು ಬರಲಿಲ್ಲ ಎಂದು ಕೇಳಿ. ಮಾಲೀಕರಿಗಿಂತ ಸೂಪರ್‌ವೈಸರ್ ಜಾಸ್ತಿ ಹೇಳುತ್ತಾರೆ. ಬಿಟ್ಟುಹೋದ ಕೆಲಸಗಾರರು ಇನ್ನೂ ಜಾಸ್ತಿ. ಅಂದಹಾಗೆ, ಬೆಳಗಾವಿಯಲ್ಲಿ ಪ್ರಶ್ನಾವಳಿ ಮರಾಠಿಯಲ್ಲೂ ಇರಲಿ.

ಈಗ ಇನ್ನೊಂದು ಬದಿ. ಕೆಲಸ ಹುಡುಕುತ್ತಿರುವವರು ಯಾರು?

ಇದಕ್ಕೆ ಎಲ್ಲರೂ ಉಲ್ಲೇಖಿಸುವುದು 2017ರಲ್ಲಿ ಶುರುವಾದ ಪಿಎಲ್‌ಎಫ್‌ಎಸ್, ಅಂದರೆ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ. ಅಂಕಿ ಬಳಸುವ ಮೊದಲು ಅಳತೆಗೋಲು ನೋಡಿಕೊಳ್ಳಿ. ಅದರ 'ಪ್ರಸ್ತುತ ವಾರದ ಸ್ಥಿತಿ' ಲೆಕ್ಕದಲ್ಲಿ ಹಿಂದಿನ 7 ದಿನಗಳಲ್ಲಿ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಆ ವ್ಯಕ್ತಿ ಉದ್ಯೋಗಿ. ಮಾವನ ಅಂಗಡಿಯಲ್ಲಿ ಭಾನುವಾರ ದುಡ್ಡಿಗೆ ಸಾಮಾನು ಕಟ್ಟಿಕೊಟ್ಟ ಡಿಪ್ಲೊಮಾ ಹುಡುಗ ಅಲ್ಲಿ ನಿರುದ್ಯೋಗಿಯಲ್ಲ. ಕೆಲಸ ಹುಡುಕುವುದನ್ನೇ ಬಿಟ್ಟು, 'ಸಿಕ್ಕರೂ ಹೋಗಲ್ಲ' ಎನ್ನುವ ಹುಡುಗಿಯೂ ನಿರುದ್ಯೋಗಿಯಲ್ಲ. ಅವಳು ಕಾರ್ಮಿಕ ಬಲದಿಂದಲೇ, ಅಂದರೆ ದುಡಿಯುವವರು ಮತ್ತು ಕೆಲಸಕ್ಕೆ ಸಿದ್ಧರಿರುವವರ ಲೆಕ್ಕದಿಂದಲೇ ಹೊರಗೆ. ಆದರೆ ಹತ್ತಿರದಲ್ಲಿ ಕೇಂದ್ರ, ಸಂಜೆ ಬಸ್ಸು ಇದ್ದರೆ ತರಬೇತಿಗೆ ಬರುವವಳು ಅವಳೇ ಇರಬಹುದು, ಅಲ್ವಾ?

ಕರ್ನಾಟಕದಲ್ಲಿ ಯುವನಿಧಿ ನೋಂದಣಿ ಪಟ್ಟಿ ಇನ್ನೊಂದು ಮೂಲ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ ಕೊಡುವ ಯೋಜನೆ ಇದು. ಪಟ್ಟಿ ಉಪಯುಕ್ತ. ಆದರೆ ಪಿಯುಸಿಗೆ ಓದು ನಿಲ್ಲಿಸಿದವರು, ಎಸ್ಸೆಸ್ಸೆಲ್ಸಿ ಫೇಲಾದವರು ಅದರಲ್ಲಿ ಬರುವುದೇ ಇಲ್ಲ. ಫೌಂಡ್ರಿಯ ಗೇಟಿಗೆ ಬರುವವರಲ್ಲಿ ಅವರೂ ಇರುತ್ತಾರೆ.

ಸಮಯದ ಲೆಕ್ಕವನ್ನೂ ಹಾಕಬೇಕು. ಐಟಿಐ ವೆಲ್ಡರ್ ಒಂದು ವರ್ಷದ ಕೋರ್ಸ್. ಫಿಟ್ಟರ್, ಟರ್ನರ್ ಎರಡು ವರ್ಷ. ಇವತ್ತಿನ ಖಾಲಿ ಹುದ್ದೆ ತೋರಿಸಿ ಎರಡು ವರ್ಷದ ಕೋರ್ಸ್ ತೆರೆದರೆ ಹುಡುಗರು ಹೊರಬರುವಾಗ ಆ ಹುದ್ದೆ ಇರಬೇಕಲ್ಲ! ಇವತ್ತಿನ ತುರ್ತಿಗೆ ಅಲ್ಪಾವಧಿ ತರಬೇತಿ ಅಥವಾ ಕಾರ್ಖಾನೆಯಲ್ಲೇ ಅಪ್ರೆಂಟಿಸ್‌ಶಿಪ್ ಸರಿ. ಹಲವು ವರ್ಷ ನಿಲ್ಲುವ ಬೇಡಿಕೆಗೆ ಮಾತ್ರ ಐಟಿಐ ಟ್ರೇಡ್.

ಸ್ವಂತ ಉದ್ಯೋಗದ ತರಬೇತಿಗೆ ಲೆಕ್ಕವೇ ಬೇರೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್ ಮಾದರಿಯಲ್ಲೇ ಮುಂದೆ ದೇಶದ ಜಿಲ್ಲೆಗಳಲ್ಲಿ ಆರ್‌ಸೆಟಿಗಳು, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಬಂದವು. ಇಲ್ಲಿ ಮಾಲೀಕರನ್ನು ಕೇಳಿ ಪ್ರಯೋಜನವಿಲ್ಲ, ಗಿರಾಕಿಗಳನ್ನು ಎಣಿಸಬೇಕು. ತಾಲ್ಲೂಕು ಕೇಂದ್ರದಲ್ಲಿ ಈಗಾಗಲೇ ಎಷ್ಟು ಮೊಬೈಲ್ ರಿಪೇರಿ ಅಂಗಡಿಗಳಿವೆ? ಇನ್ನೊಂದು ಬ್ಯಾಚ್ ಪೂರ್ತಿ ಅಂಗಡಿ ಹಾಕಿದರೆ ವ್ಯಾಪಾರ ಹಂಚಿಹೋಗಿ ಎಲ್ಲರೂ ಸೊರಗುತ್ತಾರೆ. ಪಂಪ್‌ಸೆಟ್ ರಿಪೇರಿಗೆ ಜಾಗ ಇದೆಯಾ ಎಂದು ರೈತರನ್ನೇ ಕೇಳಬೇಕು: ಮೋಟರ್ ಸುಟ್ಟರೆ ರಿವೈಂಡಿಂಗ್‌ಗೆ (ತಂತಿ ಮತ್ತೆ ಸುತ್ತಿಸಲು) ಎಷ್ಟು ದೂರ ಹೊರುತ್ತೀರಿ, ವಾಪಸ್ ಸಿಗಲು ಎಷ್ಟು ದಿನ?