ಹೊಗೆಯಾಡದ ಕೆಂಡದ ಅಪಾಯ

ಕಬ್ಬು ನುರಿಸುವ ಹಂಗಾಮು ಚಳಿಗಾಲದಲ್ಲೇ ಜೋರಾಗಿರುತ್ತದೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹೊಲಗಳಿಗೆ ದೂರದ ಊರುಗಳಿಂದ ಬರುವ ಕಟಾವು ಗ್ಯಾಂಗಿನವರು ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಇಳಿಯುತ್ತಾರೆ. ರವದಿಯ, ಅಂದರೆ ಕಬ್ಬಿನ ಎಲೆಗಳ, ಮೇಲಿನ ಇಬ್ಬನಿಗೆ ಅವರ ಮೈಮೇಲಿನ ಬಟ್ಟೆ ತೊಯ್ದುಹೋಗುತ್ತದೆ. ಒದ್ದೆ ಬಟ್ಟೆ ಮೈಯ ಕಾವನ್ನು ಬಲುಬೇಗ ಕಳೆಯುವುದರಿಂದ ಬದಲಿಗೆ ಒಂದು ಜೊತೆ ಒಣಬಟ್ಟೆ ಬೇಕೇ ಬೇಕು. ಬಾಯಾರಿಕೆ ಆಗದಿದ್ದರೂ ಆಗಾಗ ನೀರು ಕುಡಿಯಬೇಕು. ರಕ್ತದೊತ್ತಡದ ಮಾತ್ರೆ ನುಂಗುವವರು ಚಳಿಗಾಲದಲ್ಲಂತೂ ಅದನ್ನು ತಪ್ಪಿಸಬಾರದು. ಚಳಿಗೆ ರಕ್ತನಾಳಗಳು ಕುಗ್ಗಿ ಒತ್ತಡ ಏರುತ್ತದೆ.

ಇಷ್ಟನ್ನು ಕಾರ್ಮಿಕರು ತಾವೇ ನಿಭಾಯಿಸಿಕೊಳ್ಳುತ್ತಾರೆ. ವೈದ್ಯನಾಗಿ ನನ್ನನ್ನು ಕಾಡುವುದು ಅವರ ರಾತ್ರಿ. ದುಡಿದು ದಣಿದವರು ತಾಡಪತ್ರಿಯ ಗುಡಿಸಲಿಗೆ ಗಾಳಿ ನುಗ್ಗದಂತೆ ಸುತ್ತಲೂ ಬಿಗಿದು, ಬುಟ್ಟಿಯಲ್ಲಿ ಕೆಂಡ ತಂದಿಟ್ಟುಕೊಂಡು ಮಲಗುತ್ತಾರೆ. ರಾತ್ರಿ ಪಾಳಿಯ ಕಾವಲುಗಾರರೂ ತಮ್ಮ ಪುಟ್ಟ ಕೋಣೆಯಲ್ಲಿ ಹೀಗೆಯೇ ಮಾಡುತ್ತಾರೆ. ಕೇಳಿದರೆ, ‘ಹೊಗೆಯೆಲ್ಲ ಹೋದ ಮೇಲೆಯೇ ಒಳಗೆ ತಂದೆವು’ ಎನ್ನುತ್ತಾರೆ. ಜೀವ ಹೋಗುವುದು ಈ ನಂಬಿಕೆಯಿಂದಲೇ. ನಿಗಿನಿಗಿ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೊರಬರುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮನ್ನೂ ತರಿಸುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗದಿರಬಹುದು. ಸಾರಾಯಿ ಕುಡಿದು ಮಲಗಿದವರ ಪಾಡು ಇನ್ನೂ ಕಷ್ಟ.

ಬೆಳಿಗ್ಗೆ ಒಂದೇ ಗುಡಿಸಲಿನ ಮೂರ್ನಾಲ್ಕು ಮಂದಿಗೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಊಟ ಕೆಟ್ಟಿರಬೇಕೆಂದು ಎಲ್ಲರೂ ಭಾವಿಸುತ್ತಾರೆ. ನನಗೆ ಮೊದಲು ಅನುಮಾನ ಬರುವುದು ಕೆಂಡದ ಮೇಲೆ. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರನ್ನು ಇಲ್ಲಿ ನಂಬುವಂತಿಲ್ಲ. ವಿಷ ಏರಿದ್ದರೂ ಅದು ಎಲ್ಲ ಸರಿಯಿದೆ ಎಂಬಂತೆ ಶೇ 98 ಎಂದು ತೋರಿಸಬಹುದು.

ಬೆಂಕಿ ಕಾಯಿಸುವುದಿದ್ದರೆ ಬಯಲಿನಲ್ಲೇ ಕಾಯಿಸಿ, ಮಲಗಲು ಕೌದಿ ಹೊದೆಯಿರಿ. ಅಡಿಗೆ ದಪ್ಪನಾಗಿ ಒಣ ರವದಿ ಹಾಸಿದರೆ ನೆಲದ ತಂಪು ಏರುವುದಿಲ್ಲ. ಆಳಿಗೊಂದು ಕಂಬಳಿ ಒದಗಿಸುವುದು ಕಾರ್ಖಾನೆಗೂ ಗುತ್ತಿಗೆದಾರನಿಗೂ ಹೊರೆಯೇನಲ್ಲ. ಅದನ್ನು ಕೂಲಿಯ ಮುಂಗಡದಲ್ಲಿ ಹಿಡಿದುಕೊಳ್ಳುವುದು ಅನ್ಯಾಯ.

ಯಾರಾದರೂ ಎಚ್ಚರ ತಪ್ಪಿದ್ದರೆ ತಕ್ಷಣ ಹೊರಗಿನ ಗಾಳಿಗೆ ಎಳೆದು ತನ್ನಿ, 108ಕ್ಕೆ ಕರೆ ಮಾಡಿ. ಒಳಗೆ ಕೆಂಡವಿತ್ತೆಂದು ವೈದ್ಯರಿಗೆ ತಿಳಿಸಿ, ಆಮ್ಲಜನಕ ಬೇಗ ಸಿಗುತ್ತದೆ. ಅದೇ ಗುಡಿಸಲಿನಲ್ಲಿ ಮಲಗಿದ್ದ ಉಳಿದವರನ್ನೂ ಜೊತೆಗೆ ಕಳುಹಿಸಿ. ಗರ್ಭಿಣಿಯಿದ್ದರೆ, ಆಕೆ ಚೆನ್ನಾಗಿದ್ದೇನೆ ಎಂದರೂ ಬಿಡಬೇಡಿ. ಹೊಟ್ಟೆಯ ಕೂಸಿಗೆ ಈ ವಿಷ ಇನ್ನೂ ಹೆಚ್ಚು ತಟ್ಟುತ್ತದೆ.