ಡಿಸೆಂಬರಿನಲ್ಲೂ ಫ್ಯಾನು ಹಾಕುವ ವಯಸ್ಸು

ಚಳಿಗಾಲದ ನಡುರಾತ್ರಿ ಕಂಬಳಿ ಒದ್ದು ಫ್ಯಾನು ಹಾಕಿ, ಐದೇ ನಿಮಿಷಕ್ಕೆ ಒದ್ದೆ ರವಿಕೆಯಲ್ಲಿ ನಡುಗುತ್ತ ಮತ್ತೆ ಕಂಬಳಿ ಎಳೆದುಕೊಳ್ಳುವ ನಡುವಯಸ್ಸಿನ ಹೆಂಗಸನ್ನು ಕಾಣದ ಮನೆ ಕಡಿಮೆ. ‘ಉಷ್ಣ ಆಗಿದೆ’ ಎಂದು ಮನೆಯವರು ಎಳನೀರು ತರುತ್ತಾರೆ. ಎಳನೀರಿಗೆ ನನ್ನ ತಕರಾರಿಲ್ಲ, ಆದರೆ ಆ ಹೊತ್ತಿನಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ ಜ್ವರ ಇರುವುದಿಲ್ಲ. ಇದು ಮುಟ್ಟು ನಿಲ್ಲುವ ಕಾಲದ ಬಿಸಿ.

ಎಡವಟ್ಟು ಇರುವುದು ಮೈಯ ಉಷ್ಣತೆಯನ್ನು ಕಾಯುವ, ಮಿದುಳಿನ ಬುಡದ ಹೈಪೋಥಲಮಸ್‌ನಲ್ಲಿ. ಮೈಬಿಸಿ ತುಸು ಏರಿಳಿದರೆ ಅದು ಸಾಮಾನ್ಯವಾಗಿ ಸುಮ್ಮನಿರುತ್ತದೆ. ಅಂಡಾಶಯಗಳು ಈಸ್ಟ್ರೊಜೆನ್ ಎಂಬ ಹಾರ್ಮೋನನ್ನು ಸ್ರವಿಸುವುದು ಕಡಿಮೆಯಾದಂತೆ ಈ ತಾಳ್ಮೆ ಕುಗ್ಗುತ್ತದೆ. ಅಲ್ಲೇ ಇರುವ ನರಕೋಶಗಳ ಒಂದು ಗುಂಪು ನ್ಯೂರೋಕೈನಿನ್-ಬಿ ಎಂಬ ರಾಸಾಯನಿಕದ ಮೂಲಕ ಉಷ್ಣತೆಯ ಕೇಂದ್ರವನ್ನು ಕೆಣಕುತ್ತಿರುತ್ತದೆ. ಅದಕ್ಕೆ ಲಗಾಮು ಹಾಕುತ್ತಿದ್ದ ಈಸ್ಟ್ರೊಜೆನ್ ಹಿಂದೆ ಸರಿದಾಗ ಆ ಕೋಶಗಳು ಗಾತ್ರದಲ್ಲೂ ಉಬ್ಬುತ್ತವೆ. ಆಮೇಲೆ ಒಂದು ಲೋಟ ಬಿಸಿ ಕಾಫಿಯೂ ಸಾಕು: ಎದೆ, ಕತ್ತು, ಮುಖದ ರಕ್ತನಾಳಗಳು ಹಿಗ್ಗುತ್ತವೆ, ಬೆವರು ಕಿತ್ತುಕೊಂಡು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಇಲ್ಲದ ಸೆಕೆಯನ್ನು ಹೊರಹಾಕಿದ ದೇಹ ತಣ್ಣಗಾಗುವುದರಿಂದಲೇ ಕೊನೆಯಲ್ಲಿ ನಡುಕ. ನ್ಯೂರೋಕೈನಿನ್‌ನ ಈ ದಾರಿಯನ್ನು ಮುಚ್ಚುವ ಫೆಜೋಲಿನೆಟಂಟ್ ಎಂಬ ಹಾರ್ಮೋನೇತರ ಮಾತ್ರೆಗೆ 2023ರಲ್ಲಿ ಅಮೆರಿಕ ಅನುಮತಿ ನೀಡಿತು. ಅದನ್ನು ನುಂಗುವವರು ಯಕೃತ್ತಿನ ಪರೀಕ್ಷೆ ಮಾಡಿಸುತ್ತಿರಬೇಕು.

ಕಡಿಮೆಯಾದ ಈಸ್ಟ್ರೊಜೆನ್ನನ್ನು ಹೊರಗಿನಿಂದ ಕೊಡುವ ಹಾರ್ಮೋನ್ ಚಿಕಿತ್ಸೆ ಎಂದೊಡನೆ ಕ್ಯಾನ್ಸರ್ ಎನ್ನುವ ಭಯ 2002ರದು. ಅಮೆರಿಕದ ದೊಡ್ಡ ಅಧ್ಯಯನವೊಂದನ್ನು ಆಗ ನಡುವೆಯೇ ನಿಲ್ಲಿಸಲಾಯಿತು. ಈಸ್ಟ್ರೊಜೆನ್, ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನುಗಳನ್ನು ಒಟ್ಟಿಗೆ ಪಡೆದ ಪ್ರತಿ 10,000 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 8 ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡಿದ್ದವು. ಸುದ್ದಿಯಲ್ಲಿ ಈ ಅಂಕಿ ಕಳೆದುಹೋಯಿತು, ಭಯ ಉಳಿಯಿತು. ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63 ಎಂಬುದೂ ಮರೆತುಹೋಯಿತು. ಅರವತ್ತರೊಳಗಿನ, ಮುಟ್ಟು ನಿಂತು ಹತ್ತು ವರ್ಷ ದಾಟದ ಆರೋಗ್ಯವಂತ ಮಹಿಳೆಗೆ ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭವೇ ಹೆಚ್ಚು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರ ಲೆಕ್ಕ ಬೇರೆ.

ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47, ಪಾಶ್ಚಾತ್ಯರಲ್ಲಿ ಸುಮಾರು 51. ಇಲ್ಲಿ ಶಸ್ತ್ರಚಿಕಿತ್ಸೆಯ ಪಾಲೂ ಇದೆ. ಕಲಬುರಗಿಯ ತಾಂಡಾಗಳಲ್ಲಿ ಚಿಕ್ಕ ವಯಸ್ಸಿನವರ ಗರ್ಭಕೋಶಗಳನ್ನೂ ಅನಗತ್ಯವಾಗಿ ತೆಗೆದ ಸಂಗತಿ ಹಿಂದೊಮ್ಮೆ ಬಯಲಾಗಿ ಗದ್ದಲವಾಗಿತ್ತು. ಬರೀ ಗರ್ಭಕೋಶ ತೆಗೆದರೆ ಮುಟ್ಟು ನಿಂತರೂ ಅಂಡಾಶಯ ಕೆಲಸ ಮಾಡುತ್ತಲೇ ಇರುತ್ತದೆ. ಅದನ್ನೂ ತೆಗೆದರೆ ಹಲವು ವರ್ಷಗಳಲ್ಲಿ ಆಗಬೇಕಾದದ್ದು ರಾತ್ರೋರಾತ್ರಿ ಆಗುತ್ತದೆ. ಮೂಳೆ ಸವೆಯುವುದೂ ಆಗಲೇ ಶುರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆಯ ಜೊತೆಗೆ ಹಾಲು ಮೊಸರೂ ಇರಲಿ, ನಡಿಗೆಯೂ ಇರಲಿ, ಸ್ವಲ್ಪ ಭಾರ ಎತ್ತುವ ವ್ಯಾಯಾಮವೂ ಇರಲಿ.

ಮೈ ಬಿಸಿಯೇರುವುದು ಕೆಲವು ವರ್ಷಗಳಲ್ಲಿ ತಾನಾಗಿ ತಗ್ಗುತ್ತದೆ. ಯೋನಿ ಒಣಗುವುದು, ಪದೇಪದೇ ಉರಿಮೂತ್ರ ಇವು ಹಾಗಲ್ಲ, ಬಿಟ್ಟರೆ ಹೆಚ್ಚುತ್ತವೆ. ಬಹಳ ಮಂದಿ ವೈದ್ಯರ ಮುಂದೆಯೂ ಬಾಯಿ ಬಿಡುವುದು ಇದಕ್ಕೇ ಕಷ್ಟ. ಅಲ್ಲಿಗೇ ಹಚ್ಚುವ, ಕಡಿಮೆ ಪ್ರಮಾಣದ ಈಸ್ಟ್ರೊಜೆನ್ ಮುಲಾಮಿನಿಂದ ಚೆನ್ನಾಗಿ ಗುಣವಾಗುವ ತೊಂದರೆಯೂ ಇದೇ. ಒಂದು ವರ್ಷ ಪೂರ್ತಿ ನಿಂತಿದ್ದ ಮುಟ್ಟು ಮತ್ತೆ ಕಾಣಿಸಿದರೆ ಮಾತ್ರ ‘ಉಷ್ಣಕ್ಕೆ ಹೋಗಿರಬೇಕು’ ಎಂದು ಸುಮ್ಮನಾಗದೆ ಅದೇ ವಾರ ಸ್ತ್ರೀರೋಗ ತಜ್ಞರ ಬಳಿ ಹೋಗಬೇಕು. ಬಹುಪಾಲು ಸಲ ಕಾರಣ ಸಣ್ಣದೇ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಮೊದಲು ಸುಳಿವು ಕೊಡುವುದೂ ಹೀಗೆಯೇ, ಅದೂ ಗುಣಪಡಿಸಬಹುದಾದ ಹಂತದಲ್ಲಿ.