ಕೈ ಸ್ವಿಚ್ ಹತ್ತಿರ ಇರುವಾಗಲೇ ಹೇಳಬೇಕು: ಸ್ಮಾರ್ಟ್ ಪರಿಸರ ಮತ್ತು ಅಭ್ಯಾಸ ಬದಲಾವಣೆ

'ಸ್ಮಾರ್ಟ್ ಪರಿಸರ ಮತ್ತು ಅಭ್ಯಾಸ ಬದಲಾವಣೆ' ಅನ್ನುವ ಪಾಠ ಓದುವಾಗ ನನಗೆ ಮೊದಲು ನೆನಪಾದದ್ದು ನಮ್ಮಜ್ಜನ ಮಳೆ ಡೈರಿ. ಅಂಗಳದ ಮೂಲೆಯಲ್ಲಿ ಮಳೆಮಾಪಕ. ದಿನಾ ಬೆಳಿಗ್ಗೆ ಕಾಫಿ ಕುಡಿಯುವ ಮುಂಚೆ ಅಜ್ಜ ಅದರ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡುತ್ತಿದ್ದರು. ಕೊಡಗಿನಲ್ಲಿ ಮಳೆ ಲೆಕ್ಕ ಇಂಚು, ಸೆಂಟಿನಲ್ಲಿ ಅಲ್ವಾ? ನೂರು ಸೆಂಟ್ ಅಂದರೆ ಒಂದು ಇಂಚು. ಡೈರಿಯಲ್ಲಿ ಬರೆಯುವಷ್ಟರಲ್ಲಿ ಪಕ್ಕದ ತೋಟದಿಂದ ಫೋನ್ ಬರುತ್ತಿತ್ತು: "ನಿಮ್ಮಲ್ಲಿ ಎಷ್ಟು ಬಿತ್ತು?"

ಆ ಅಭ್ಯಾಸ ಅಷ್ಟು ವರ್ಷ ಉಳಿದದ್ದು ಯಾಕೆ? ಅಳೆಯುವ ಜಾಗ ಒಂದೇ, ಹೊತ್ತು ಒಂದೇ, ಕೇಳುವವರು ಒಬ್ಬರು ಇದ್ದರು. ಈ ವಿಷಯದ ಮುಕ್ಕಾಲು ಪಾಲು ಇಷ್ಟರಲ್ಲೇ ಇದೆ ಅಂತ ನನಗನಿಸುತ್ತದೆ.

ಸ್ಮಾರ್ಟ್ ಪರಿಸರ ಅಂದರೆ ಸುತ್ತಲಿನ ಸ್ಥಿತಿಯನ್ನು ಸೆನ್ಸರ್‌ನಿಂದ ತಿಳಿದುಕೊಂಡು, ನೆಟ್‌ವರ್ಕ್ ಮೂಲಕ ಅದನ್ನು ಸಾಗಿಸಿ, ಅಲ್ಲೇ ಏನಾದರೂ ಪ್ರತಿಕ್ರಿಯೆ ತೋರಿಸುವ ಜಾಗ. ಮನೆ ಆಗಬಹುದು, ತೋಟ ಆಗಬಹುದು, ರಸ್ತೆ ಆಗಬಹುದು. ಕಂಪ್ಯೂಟರ್ ಹೀಗೆ ಸುತ್ತಲಿನ ವಸ್ತುಗಳಲ್ಲಿ ಕರಗಿ ಹೋಗಬೇಕು ಅನ್ನುವ ಯೋಚನೆಯನ್ನು 1988ರ ಹೊತ್ತಿಗೆ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದ ಮಾರ್ಕ್ ವೈಸರ್ ಮುಂದಿಟ್ಟರು.

ಅಭ್ಯಾಸದ ಕಡೆಯಿಂದ ನೋಡಿದರೆ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಬಿ. ಜೆ. ಫಾಗ್ 2009ರಲ್ಲಿ ಕೊಟ್ಟ ಮಾದರಿ ಕಲಿಯಲು ಸುಲಭ. ಒಂದು ಕೆಲಸ ನಡೆಯಬೇಕಾದರೆ ಮೂರು ಒಂದೇ ಕ್ಷಣದಲ್ಲಿ ಕೂಡಬೇಕು: ಮನಸ್ಸು, ಮಾಡುವ ಸುಲಭತೆ, ಮತ್ತು 'ಈಗ ಮಾಡು' ಅನ್ನುವ ಸೂಚನೆ. ಪರೀಕ್ಷೆಗೆ ಬರೆಯುವಾಗ 'ಒಂದೇ ಕ್ಷಣದಲ್ಲಿ' ಅನ್ನುವುದನ್ನು ಬಿಡಬೇಡಿ. ನಾನು ಅದನ್ನು ಅರ್ಥ ಮಾಡಿಕೊಂಡದ್ದು ನಮ್ಮ ಮನೆಯ ನೀರಿನ ಟ್ಯಾಂಕಿನಿಂದ.

ಟ್ಯಾಂಕ್ ತುಂಬಿ ಹರಿಯುವುದನ್ನು ತಪ್ಪಿಸಲು ಒಂದು ಮಟ್ಟದ ಸೆನ್ಸರ್, ಇಎಸ್‌ಪಿ32 ಅನ್ನುವ ವೈಫೈ ಇರುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್ ಜೋಡಿಸಿದ್ದೆ. ನೀರು ತುಂಬುತ್ತಾ ಬಂದಾಗ ಅಮ್ಮನ ಫೋನಿಗೆ ಮೆಸೇಜ್ ಹೋಗುತ್ತಿತ್ತು. ಫೋನ್ ಇದ್ದದ್ದು ಹಾಲ್‌ನಲ್ಲಿ, ಚಾರ್ಜಿಗೆ. ಅಮ್ಮ ಇದ್ದದ್ದು ಅಡಿಗೆಮನೆಯಲ್ಲಿ, ಕಡಂಬುಟ್ಟಿಗೆ ಹಿಟ್ಟು ಉಂಡೆ ಕಟ್ಟುತ್ತಾ. ನೀರು ಹರಿದೇ ಹರಿಯಿತು. ಅಮ್ಮನಿಗೆ ಮನಸ್ಸಿತ್ತು, ಸ್ವಿಚ್ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಸೂಚನೆ ಮಾತ್ರ ಬೇರೆ ಕೋಣೆಯಲ್ಲಿ ಬೆಳಗಿ ಆರಿತ್ತು. ಆಮೇಲೆ ಮೋಟರ್ ಸ್ವಿಚ್ಚಿನ ಪಕ್ಕದಲ್ಲೇ ಒಂದು ಕೆಂಪು ಬಲ್ಬ್ ಹಾಕಿದೆ. ಈಗ ಬಲ್ಬ್ ಹತ್ತಿದ ಕೂಡಲೇ ಅಮ್ಮ ಮೊಣಕೈಯಿಂದಲೇ ಸ್ವಿಚ್ ಒತ್ತಿ ಮತ್ತೆ ಹಿಟ್ಟಿಗೆ ಕೈ ಹಾಕುತ್ತಾರೆ.

ಸೂಚನೆ ಕೆಲಸ ನಡೆಯುವ ಜಾಗದಲ್ಲೇ ಕಾಣಬೇಕು ಅನ್ನುವ ಮಾತಿಗೆ ಗಟ್ಟಿ ಪುರಾವೆ ಸ್ವಿಟ್ಜರ್ಲೆಂಡಿನಲ್ಲಿದೆ. ಜ್ಯೂರಿಕ್‌ನ ಸುಮಾರು 700 ಮನೆಗಳನ್ನು ಸೇರಿಸಿಕೊಂಡು ಮಾಡಿದ ಪ್ರಯೋಗದಲ್ಲಿ ಶವರ್ ಪೈಪಿಗೆ ಸಣ್ಣ ಮೀಟರ್ ಕೂರಿಸಿದರು. ಸ್ನಾನ ಮಾಡುತ್ತಿರುವಾಗಲೇ ಎಷ್ಟು ಲೀಟರ್ ಹೋಯಿತು ಅಂತ ಅದು ತೋರಿಸುತ್ತಿತ್ತು. ಜೊತೆಗೆ ಮಂಜುಗಡ್ಡೆಯ ಮೇಲೆ ನಿಂತ ಹಿಮಕರಡಿಯ ಚಿತ್ರ. ನೀರು ಜಾಸ್ತಿ ಆದಂತೆ ಮಂಜುಗಡ್ಡೆ ಕರಗುತ್ತಿತ್ತು. ಸ್ನಾನದ ನೀರು ಕಾಯಿಸಲು ಬೇಕಾಗುವ ಶಕ್ತಿಯ ಬಳಕೆ 22% ಇಳಿಯಿತು. ಆಮೇಲೆ ಇದನ್ನೇ ಹೋಟೆಲ್‌ಗಳಲ್ಲಿ ನೋಡಿದರು. ಅಲ್ಲಿ ನೀರಿನ ಬಿಲ್ ಅತಿಥಿಗಳ ತಲೆಗೆ ಬರುವುದಿಲ್ಲ. ಆದರೂ ಸುಮಾರು 11% ಇಳಿಯಿತು. ಅಂದರೆ ಇಲ್ಲಿ ಕೆಲಸ ಮಾಡಿದ್ದು ಹಣದ ಆಸೆ ಅಲ್ಲ, ಕಣ್ಣೆದುರಿನ ಅಂಕಿ.

ಅಕ್ಕಪಕ್ಕದವರ ಜೊತೆ ಹೋಲಿಕೆ ಮಾಡುವುದಕ್ಕೂ ಬಲ ಇದೆ, ಆದರೆ ಜೋಪಾನ. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನಲ್ಲಿ ಸುಮಾರು 290 ಮನೆಗಳ ಬಾಗಿಲಿಗೆ ಚೀಟಿ ತೂಗುಹಾಕಿ, ನಿಮ್ಮ ಕರೆಂಟ್ ಬಳಕೆ ಇಷ್ಟು, ನೆರೆಯವರ ಸರಾಸರಿ ಇಷ್ಟು ಅಂತ ತಿಳಿಸಿದರು. 2007ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಜಾಸ್ತಿ ಬಳಸುತ್ತಿದ್ದವರು ಕಡಿಮೆ ಮಾಡಿದರು. ಕಡಿಮೆ ಬಳಸುತ್ತಿದ್ದವರೋ, 'ಓ, ನಮ್ಮದು ಕಮ್ಮಿಯೇ' ಅಂತ ಜಾಸ್ತಿ ಮಾಡಿದರು! ಅವರ ಚೀಟಿಯಲ್ಲಿ ಒಂದು ನಗುಮುಖ ಬರೆದಾಗ ಆ ಏರಿಕೆ ನಿಂತಿತು. ಬರೀ ಸರಾಸರಿ ತೋರಿಸಿ ಕೈತೊಳೆದುಕೊಳ್ಳಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ನಮ್ಮ ಕಡೆಯವರಿಗೆ ತಟ್ಟುವ ಇನ್ನೊಂದು ಉದಾಹರಣೆ ಆನೆಯದು. ತಮಿಳುನಾಡಿನ ವಾಲ್ಪಾರೈಯ ಟೀ, ಕಾಫಿ ತೋಟಗಳ ನಡುವೆ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಎತ್ತರದ ಜಾಗಗಳಲ್ಲಿ ಮೊಬೈಲ್‌ನಿಂದ ಹತ್ತಿಸಬಹುದಾದ ಕೆಂಪು ದೀಪ ಇಟ್ಟಿದ್ದಾರೆ. ಜೊತೆಗೆ ಎಸ್‌ಎಂಎಸ್ ಕೂಡ ಹೋಗುತ್ತದೆ. ಕತ್ತಲಾದ ಮೇಲೆ ಲೈನ್‌ಮನೆಗೆ, ಅಂದರೆ ತೋಟದ ಕೆಲಸಗಾರರ ಸಾಲುಮನೆಗೆ, ನಡೆದು ಹೋಗುವವರಿಗೆ ದೀಪ ಮಿನುಗಿದರೆ ಸಾಕು, ಹತ್ತಿರದಲ್ಲಿ ಆನೆ ಇದೆ ಅಂತ ಗೊತ್ತಾಗುತ್ತದೆ. ನಮ್ಮ ಕೊಡಗಿನ ಸಿದ್ದಾಪುರ, ತಿತಿಮತಿ ಕಡೆ ಸಂಜೆ ತೋಟದ ದಾರಿಯಲ್ಲಿ ನಡೆದವರಿಗೆ ಆ ದೀಪದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಆನೆಯನ್ನು ಯಾರೂ ಬದಲಾಯಿಸುತ್ತಿಲ್ಲ. ಮನುಷ್ಯ ಹೊರಡುವ ಹೊತ್ತು, ಹಿಡಿಯುವ ದಾರಿ ಬದಲಾಗುತ್ತದೆ.

ಅಭ್ಯಾಸ ಎಷ್ಟು ದಿನಕ್ಕೆ ಕೂರುತ್ತದೆ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಅಧ್ಯಯನವೊಂದರಲ್ಲಿ ನಡುವಿನ ಅಂಕಿ 66 ದಿನ ಬಂತು. ಕೆಲವರಿಗೆ 18 ದಿನವೇ ಸಾಕಾಗಿತ್ತು. '21 ದಿನದಲ್ಲಿ ಅಭ್ಯಾಸ ಕೂರುತ್ತದೆ' ಅಂತ ಜನ ಹೇಳುವ ಮಾತನ್ನು ಉತ್ತರದಲ್ಲಿ ಬರೆಯಬೇಡಿ.

ನನಗೆ ತುಂಬಾ ಮುಖ್ಯ ಅನಿಸಿದ ಪ್ರಶ್ನೆ ಇದು: ಅಂಕಿ ಯಾರ ಕಣ್ಣಿಗೆ ಬೀಳುತ್ತದೆ? ಮಾರ್ಚ್‌ನಲ್ಲಿ ರೋಬಸ್ಟಾ ಕಾಫಿಯ ಹೂವಿಗೆ ಸ್ಪ್ರಿಂಕ್ಲರ್ ಹಾಯಿಸುವಾಗ ಜೆಟ್, ಅಂದರೆ ನೀರು ಚಿಮ್ಮಿಸುವ ತಲೆ, ಬದಲಾಯಿಸುವುದು ಕೆಲಸದ ಅಣ್ಣ. ಮಣ್ಣಿನ ತೇವದ ಅಂಕಿ ಧಣಿಯ ಫೋನಿಗೆ ಮಾತ್ರ ಹೋದರೆ, ಅದು ಅಣ್ಣನ ಮೇಲೆ ಕಣ್ಣಿಡುವ ಯಂತ್ರ ಆಗುತ್ತದೆ. ಜೆಟ್ ಪಕ್ಕದಲ್ಲೇ ಕಾಣುವ ಹಾಗಿದ್ದರೆ ಅವರಿಗೇ ಉಪಯೋಗ. ಸೆನ್ಸರ್ ಅದೇ, ಫಲ ಬೇರೆ.

ಎಲ್ಲದಕ್ಕೂ ಜನರನ್ನು ಬದಲಾಯಿಸಲು ಹೊರಡಬೇಕಾಗಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ. ಮೋಟರ್ ಆನ್ ಮಾಡಿಟ್ಟದ್ದು ಮರೆತು ಮಲಗಿರುತ್ತೇವೆ. ನಡುರಾತ್ರಿ ಎರಡಕ್ಕೆ ಕರೆಂಟ್ ಬಂದು ಟ್ಯಾಂಕ್ ತುಂಬುತ್ತದೆ. ಆಗ ಕೆಂಪು ಬಲ್ಬ್ ಯಾರಿಗೆ ಕಾಣಬೇಕು? ಅದಕ್ಕೆ ಟ್ಯಾಂಕಿಗೆ ಒಂದು ಫ್ಲೋಟ್ ಸ್ವಿಚ್ಚನ್ನೂ ಹಾಕಿದೆ. ತುಂಬಿದರೆ ತಾನಾಗಿ ಮೋಟರ್ ನಿಲ್ಲುತ್ತದೆ. ಆದರೆ ತೋಟಕ್ಕೆ ಇನ್ನೆಷ್ಟು ಹೊತ್ತು ನೀರು ಬಿಡಬೇಕು ಅನ್ನುವುದನ್ನು ಹಾಗೆ ಯಂತ್ರಕ್ಕೆ ಬಿಡಲು ನನಗೆ ಧೈರ್ಯ ಇಲ್ಲ. ಅಲ್ಲಿ ಮಣ್ಣು ಕೆದಕಿ, ಮೋಡ ನೋಡಿ ಹೇಳುವವರು ಬೇಕು. ಅವರ ಎದುರಿಗೆ ಅಂಕಿ ಇಟ್ಟರೆ ಸಾಕು.